ಸೊಳ್ಳೆಗಳ ಖಾನೇಷುಮಾರಿ

ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಂತಹ ಹಳ್ಳಿಗಳಲ್ಲಿ ಹಳೆಯ ಕಾಲದ ಮನೆಯೊಂದನ್ನು ಹೊಕ್ಕರೆ ಮೊದಲು ಎದುರಾಗುವುದು ದನಗಳ ಗೋದಲಿ, ಪಡಸಾಲೆ ಆಮೇಲಿನದು. ದನವೂ ಜನವೂ ಒಂದೇ ಸೂರಿನಡಿ ಬಾಳುವ ಇಂತಹ ಮನೆಯ ಮಬ್ಬುಗತ್ತಲೆಯ ಗೋಡೆಯ ಮೇಲೆ ಯಾರ ಗಣನೆಗೂ ಬಾರದ ಇನ್ನೊಂದು ಸಂಸಾರವುಂಟು. ಅದರ ತಲೆಯೆಣಿಕೆಯೇ ಕೀಟತಜ್ಞರ ಕಾಯಕ.

ಇದಕ್ಕೆ ಬೇಕಾದ ಸಲಕರಣೆ ಬಹಳವೇನೂ ಇಲ್ಲ. ಒಂದು ಟಾರ್ಚು, ಬಾಯಿಂದ ಹೀರುವ ಗಾಜಿನ ಕೊಳವೆ, ಹತ್ತಿ ತುರುಕಿದ ನಾಲ್ಕಾರು ನಳಿಕೆಗಳು. ರಾತ್ರಿಯೆಲ್ಲ ರಕ್ತ ಕುಡಿದು ನಸುಕಿನಲ್ಲಿ ವಿಶ್ರಮಿಸುತ್ತಿರುವ ಸೊಳ್ಳೆಯನ್ನು ಮೆಲ್ಲಗೆ ಒಳಗೆಳೆದುಕೊಳ್ಳಬೇಕು. ಬಾಲವನ್ನೆತ್ತಿ ಓರೆಯಾಗಿ ಕುಳಿತದ್ದು ಚಳಿಜ್ವರದ ಅನಾಫಿಲಿಸ್ ಎಂದು ಶಾಲೆಯ ಪುಸ್ತಕಗಳು ಹೇಳುತ್ತವೆ. ಆದರೆ ಬಯಲುಸೀಮೆಯ ಮುಖ್ಯ ಅಪರಾಧಿಯಾದ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಹಾಗೆ ಎದ್ದುಕಾಣುವಂತೆ ಕೂರುವುದಿಲ್ಲ. ಸಾಧಾರಣ ಕ್ಯೂಲೆಕ್ಸ್ ಸೊಳ್ಳೆಯ ಸೋಗು ಹಾಕುತ್ತದೆ. ಅದರ ಹೆಸರೇ ಆ ಹೋಲಿಕೆಯಿಂದ ಬಂದುದು. ಭೂತಗಾಜಿನಡಿಯಲ್ಲಿ ರೆಕ್ಕೆಯ ಚುಕ್ಕೆಗಳನ್ನು ನೋಡಿದಾಗಲೇ ಅದರ ಗುಟ್ಟು ರಟ್ಟಾಗುವುದು.

ಲೆಕ್ಕದ ಅಳತೆಗೋಲು ಸರಳವಾದುದು: ಒಬ್ಬ ಮನುಷ್ಯ ಒಂದು ಗಂಟೆ ಹುಡುಕಿದರೆ ಎಷ್ಟು ದೊರೆತವು? ನಾಲ್ಕು ಮನೆಗಳಲ್ಲಿ ತಲಾ 15 ನಿಮಿಷ ಅರಸಿ 8 ಸೊಳ್ಳೆ ಹಿಡಿದರೆ ಸಾಂದ್ರತೆ 8. ಅದೇ ಮನೆಗಳಲ್ಲಿ, ಅದೇ ವೇಳೆಯಲ್ಲಿ ವರ್ಷವಿಡೀ ಈ ಕೆಲಸ ನಡೆದರೆ ಋತುಗಳ ಏರಿಳಿತವು ಕಾಗದದ ಮೇಲೆ ಮೂಡುತ್ತದೆ.

ಬೇಸಗೆಯಲ್ಲಿ ಬಾವಿ, ಹೊಳೆಯ ಮಡುಗಳನ್ನು ಆಶ್ರಯಿಸಿ ಹೇಗೋ ಜೀವ ಹಿಡಿದಿರುವ ಈ ಜಾತಿ, ಮುಂಗಾರು ಹಿಡಿದೊಡನೆ ಚಿಗುರಿಕೊಳ್ಳುತ್ತದೆ. ಮೊಟ್ಟೆಗೆ ರೆಕ್ಕೆ ಮೂಡಲು ಹತ್ತು ಹನ್ನೆರಡು ದಿನ ಸಾಕು. ಜಡಿಮಳೆಯು ಹಳ್ಳದ ಮರಿಗಳನ್ನು ಕೊಚ್ಚಿಕೊಂಡು ಹೋಗುವುದೂ ಉಂಟು. ಮಳೆ ಬಿಡುವು ಕೊಟ್ಟು ತಿಳಿನೀರು ನಿಂತಾಗಲೇ ಸುಗ್ಗಿ. ಮಲೆನಾಡಿನ ಫ್ಲೂವಿಯಾಟಿಲಿಸ್‌ನ ಪಂಚಾಂಗವೇ ಬೇರೆ. ತೊರೆಗಳ ರಭಸವಿಳಿದ ಮೇಲೆ, ಚಳಿಗಾಲದ ಹೊತ್ತಿಗೆ, ಅದರ ಸಂಖ್ಯೆ ಏರುತ್ತದೆ.

ಈ ಪಂಚಾಂಗ ತಪ್ಪಿದರೆ ಗೋಡೆಗೆ ಸಿಂಪಡಿಸಿದ ಔಷಧವೂ ವ್ಯರ್ಥ. ಸೊಳ್ಳೆಯ ಒಡಲಲ್ಲಿ ರೋಗಾಣು ಬಲಿಯಲು ಹತ್ತು ದಿನಕ್ಕೂ ಮೇಲೆ, ಮನುಷ್ಯನಲ್ಲಿ ಜ್ವರ ಕಾಣಲು ಸುಮಾರು ಎರಡು ವಾರ. ಆಸ್ಪತ್ರೆಯ ಮುಂದೆ ರೋಗಿಗಳು ನೆರೆಯುವ ವೇಳೆಗೆ ಸೊಳ್ಳೆಗಳು ಹೆಚ್ಚಿ ತಿಂಗಳಾಗಿರುತ್ತದೆ!

1946ರ ಸುಮಾರಿನಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರರಾವ್ ಅವರು ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಿ.ಡಿ.ಟಿ. ಸಿಂಪಡಿಸಿ ಫಲಿತಾಂಶಗಳನ್ನು ಪ್ರಕಟಿಸಿದರು. 1997ರವರೆಗೂ ರಾಣೆಬೆನ್ನೂರು ಆ ಧಾರವಾಡ ಜಿಲ್ಲೆಗೇ ಸೇರಿತ್ತು. 1953ರಲ್ಲಿ ರಾಷ್ಟ್ರವ್ಯಾಪಿ ನಿಯಂತ್ರಣ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ. 1965ರ ವೇಳೆಗೆ ದೇಶದಲ್ಲಿ ರೋಗಿಗಳ ಸಂಖ್ಯೆ ಒಂದು ಲಕ್ಷದಷ್ಟಕ್ಕೆ ಇಳಿಯಿತು. ಗೆದ್ದೆವೆಂಬ ನೆಮ್ಮದಿಯಲ್ಲಿ ಕಾವಲು ಸಡಿಲವಾಯಿತು; ಡಿ.ಡಿ.ಟಿ.ಯನ್ನು ಜೀರ್ಣಿಸಿಕೊಳ್ಳುವ ಸೊಳ್ಳೆಗಳೂ ಹುಟ್ಟಿದವು. 1976ರಲ್ಲಿ ರೋಗಿಗಳು 64 ಲಕ್ಷ.

ಬರಿಯ ಸಂಖ್ಯೆಯನ್ನು ನಂಬುವಂತೆಯೂ ಇಲ್ಲ. ಗೋದಲಿಯಲ್ಲಿ ನೂರು ಸೊಳ್ಳೆ ಸಿಕ್ಕರೂ ಬಹುಪಾಲು ದನದ ನೆತ್ತರಿನಲ್ಲೇ ತೃಪ್ತವಾದವು. ಭಯಪಡಬೇಕಾದುದು ಮನುಷ್ಯನನ್ನು ಕಚ್ಚಿಯೂ ಎರಡು ವಾರ ಬದುಕುಳಿದ ಮುದಿ ಹೆಣ್ಣುಸೊಳ್ಳೆಗೆ. ಆದ್ದರಿಂದ ಹಿಡಿದ ಸೊಳ್ಳೆಯನ್ನು ಸೂಜಿಯಿಂದ ಸೀಳಿ ಅಂಡಾಶಯವನ್ನು ನೋಡಿ ವಯಸ್ಸನ್ನೂ, ಜೊಲ್ಲಿನ ಗ್ರಂಥಿಯನ್ನು ನೋಡಿ ರೋಗಾಣುವನ್ನೂ ಪತ್ತೆಹಚ್ಚಬೇಕಾಗುತ್ತದೆ.

ತಾಲ್ಲೂಕಿಗೆ ಈಗ ತುಂಗಾ ಮೇಲ್ದಂಡೆ ಕಾಲುವೆಯೂ ಬಂದಿದೆ. ಮಳೆಯಿಲ್ಲದ ತಿಂಗಳಲ್ಲೂ ಕಾಲುವೆಯ ಬದಿಯಲ್ಲಿ ನೀರು ಜಿನುಗಿ ನಿಂತರೆ ಹಳೆಯ ಪಂಚಾಂಗ ಸಾಲದು. ಟಾರ್ಚು ಹಿಡಿದವನು ಬೇಸಗೆಯಲ್ಲೂ ನಸುಕಿನಲ್ಲೇ ಏಳಬೇಕು.