ಮೊದಲು ಬ್ಯಾಟರಿ, ಆಮೇಲೆ ಬಿಸಿಲು

ತುಮಕೂರು ಜಿಲ್ಲೆಯ ಪಾವಗಡದಲ್ಲಿ 2019ರ ಕೊನೆಗೆ ಪೂರ್ಣಗೊಂಡ ಸೌರ ಉದ್ಯಾನದ ಸಾಮರ್ಥ್ಯ 2050 ಮೆಗಾವಾಟ್. ಅಲ್ಲಿ ತಯಾರಾದ ವಿದ್ಯುತ್ತು ವಿದ್ಯುತ್ ಜಾಲವನ್ನು ಸೇರುತ್ತದೆ. ಆದರೆ ಗುಬ್ಬಿ ಕಡೆಯ ತೋಟದ ಮನೆಯಲ್ಲೋ ತುಮಕೂರಿನ ಶಾಲೆಯೊಂದರ ಪ್ರಯೋಗಾಲಯದಲ್ಲೋ ನೀವು 100 ವಾಟ್‌ನ ಒಂದೇ ಫಲಕದಿಂದ ರಾತ್ರಿ ದೀಪ ಉರಿಸಬೇಕೆಂದರೆ ಹಗಲಿನ ವಿದ್ಯುತ್ತನ್ನು ಬ್ಯಾಟರಿಯಲ್ಲಿ ಕೂಡಿಡಬೇಕು. ಫಲಕಕ್ಕೂ ಬ್ಯಾಟರಿಗೂ ನಡುವೆ ನಿಂತು ಕಾಯುವ ಸಾಧನವೇ ಚಾರ್ಜ್ ಕಂಟ್ರೋಲರ್.

ಕಂಟ್ರೋಲರ್ ಏಕೆ ಬೇಕು?

36 ಕೋಶಗಳ ಫಲಕಕ್ಕೆ ಏನನ್ನೂ ಜೋಡಿಸದೆ ಬಿಸಿಲಿಗಿಟ್ಟರೆ ಅದರ ತುದಿಗಳಲ್ಲಿ ಸುಮಾರು 21 ವೋಲ್ಟ್ ಇರುತ್ತದೆ. 12 ವೋಲ್ಟ್‌ನ ಸೀಸ-ಆಮ್ಲ ಬ್ಯಾಟರಿಯನ್ನು 14.4 ವೋಲ್ಟ್ ಮೀರಿ ಚಾರ್ಜ್ ಮಾಡುತ್ತ ಹೋದರೆ ಅದರೊಳಗಿನ ನೀರು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಿ ಒಡೆಯುತ್ತದೆ. ಕಂಟ್ರೋಲರ್ ಇದನ್ನು ತಡೆಯುತ್ತದೆ. ಬ್ಯಾಟರಿ 11 ವೋಲ್ಟ್ ಆಸುಪಾಸಿಗೆ ಇಳಿದಾಗ ದೀಪವನ್ನೂ ಆರಿಸುತ್ತದೆ.

ಕುಣಿಗಲ್ ದೊಡ್ಡಕೆರೆಯನ್ನು ನೆನೆಯಿರಿ. ಹರಿದು ಬಂದ ನೀರು ಕೆರೆಯಗಲಕ್ಕೂ ಹರಡುವುದರಿಂದ ಮಟ್ಟ ನಿಧಾನವಾಗಿ ಏರುತ್ತದೆ. ಕೆರೆಯೇ ಇಲ್ಲದೆ ಆ ನೀರೆಲ್ಲ ತೂಬಿನ ಮೇಲೆ ನುಗ್ಗಿದರೆ? ಬ್ಯಾಟರಿ ಇಲ್ಲದೆ ಫಲಕವನ್ನು ಜೋಡಿಸಿದಾಗ ಕಂಟ್ರೋಲರಿಗೆ ಆಗುವುದೂ ಹೀಗೆಯೇ. ವೋಲ್ಟೇಜನ್ನು ಹಿಡಿದಿಡುವ ಬ್ಯಾಟರಿ ಇಲ್ಲದ ಕಾರಣ ಅದು, ಅಥವಾ ಅದಕ್ಕೆ ಸೇರಿಸಿದ ದೀಪ, ಸುಡಬಹುದು. ಅಲ್ಲದೆ, 12 ವೋಲ್ಟೋ 24 ವೋಲ್ಟೋ ಎಂಬುದನ್ನು ಹಲವು ಕಂಟ್ರೋಲರುಗಳು ಬ್ಯಾಟರಿಯಿಂದಲೇ ಗುರುತಿಸುತ್ತವೆ.

ಜೋಡಿಸುವ ಕ್ರಮ

1. ಫಲಕವನ್ನು ದಪ್ಪ ಬಟ್ಟೆಯಿಂದ ಮುಚ್ಚಿ. ಬಿಸಿಲಿರುವ ತನಕ ಅದರಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ.
2. ಮಲ್ಟಿಮೀಟರಿನಿಂದ ಧನ, ಋಣ ತುದಿಗಳನ್ನು ಖಚಿತಪಡಿಸಿಕೊಳ್ಳಿ.
3. ಬ್ಯಾಟರಿಯ ತಂತಿಗಳನ್ನು ಮೊದಲು ಕಂಟ್ರೋಲರಿಗೆ, ಆಮೇಲೆ ಬ್ಯಾಟರಿಗೆ ಬಿಗಿಯಿರಿ. ಧನ ತುದಿಯ ಪಕ್ಕದಲ್ಲೇ ಫ್ಯೂಸ್ ಹಿಡಿಕೆ ಇರಲಿ. ಫ್ಯೂಸನ್ನು ಕೊನೆಗೆ ಹಾಕಿ.
4. ಸ್ವಿಚ್ ಆರಿಸಿದ ದೀಪವನ್ನು ಜೋಡಿಸಿ.
5. ಕಡೆಯಲ್ಲಿ ಫಲಕವನ್ನು ಜೋಡಿಸಿ, ಬಟ್ಟೆ ತೆಗೆಯಿರಿ.

ಬಿಚ್ಚುವಾಗ ಕ್ರಮ ತಿರುವುಮುರುವು: ಫಲಕ ಮೊದಲು, ಬ್ಯಾಟರಿ ಕೊನೆಗೆ. ಕಂಟ್ರೋಲರಿನ ಜೊತೆ ಬಂದ ಕೈಪಿಡಿಯನ್ನೂ ಓದಿಕೊಳ್ಳಿ.

ಅಪಾಯ ಇರುವುದೆಲ್ಲಿ?

12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯದು ಎಂದು ಮೈಮರೆಯಬೇಡಿ. ಬ್ಯಾಟರಿಯ ಒಳರೋಧ 0.01 ಓಮ್ ಎಂದಿಟ್ಟುಕೊಳ್ಳಿ. ಸ್ಪ್ಯಾನರ್ ಜಾರಿ ಎರಡೂ ತುದಿಗಳಿಗೆ ತಾಗಿದರೆ, ಓಮನ ನಿಯಮದಂತೆ 12 ÷ 0.01 = 1200 ಆಂಪಿಯರ್! ಉಂಗುರ, ಕೈಬಳೆ ಕ್ಷಣದಲ್ಲಿ ಕಾದು ಚರ್ಮ ಸುಡುತ್ತವೆ, ಮೊದಲೇ ತೆಗೆದಿಡಿ. ಫ್ಯೂಸಿನ ಅಳತೆ ಕಂಟ್ರೋಲರಿನ ಪ್ರವಾಹಕ್ಕಿಂತ ತುಸು ಹೆಚ್ಚಿರಬೇಕು, ತಂತಿ ತಾಳುವ ಪ್ರವಾಹಕ್ಕಿಂತ ಕಡಿಮೆಯಿರಬೇಕು. ಗಾಳಿಯಲ್ಲಿ ಹೈಡ್ರೋಜನ್ ಶೇಕಡ 4 ಮುಟ್ಟಿದರೆ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಆದ್ದರಿಂದ ಬ್ಯಾಟರಿಯನ್ನು ಮುಚ್ಚಿದ ಬೀರುವಿನಲ್ಲಿ ಇಡಬೇಡಿ.

ತರಗತಿಗೊಂದು ಪ್ರಯೋಗ

ಫಲಕದಿಂದ ಕಂಟ್ರೋಲರಿಗೆ 10 ಮೀಟರ್ ದೂರವಿದ್ದರೆ ಹೋಗಿ ಬರುವ ತಂತಿ 20 ಮೀಟರ್. 1.5 ಚದರ ಮಿಲಿಮೀಟರ್ ತಾಮ್ರದ ತಂತಿಯಾದರೆ ರೋಧ ಸುಮಾರು 0.24 ಓಮ್. 5.7 ಆಂಪಿಯರ್ ಹರಿದಾಗ ಸುಮಾರು 1.4 ವೋಲ್ಟ್ ದಾರಿಯಲ್ಲೇ ನಷ್ಟ. 4 ಚದರ ಮಿಲಿಮೀಟರ್ ತಂತಿಯಲ್ಲಿ ನಷ್ಟ ಅರ್ಧ ವೋಲ್ಟ್ ಮಾತ್ರ. ತಂತಿಯ ಎರಡು ತುದಿಗಳಲ್ಲೂ ವಿದ್ಯಾರ್ಥಿಗಳಿಂದ ವೋಲ್ಟೇಜ್ ಅಳೆಸಿ, ಲೆಕ್ಕದೊಡನೆ ಹೋಲಿಸಿ ನೋಡಿ.