ಹಳೆಯ ರಾಜಕೀಯ ವ್ಯಂಗ್ಯಚಿತ್ರಗಳ ಸಂಗ್ರಹ: ಬಿಡಿಚಿತ್ರವೋ, ಇಡೀ ಸಂಚಿಕೆಯೋ?

ರಾಜಕೀಯ ವ್ಯಂಗ್ಯಚಿತ್ರವನ್ನು ಚರಿತ್ರೆಯ ಆಕರವೆಂದು ಪರಿಗಣಿಸುವ ಪರಿಪಾಠ ಇಂದು ನೆಲೆಗೊಂಡಿದೆ. ಆದರೆ ಸಂಗ್ರಹಗಳಲ್ಲಿ ಅನೇಕ ವೇಳೆ ದೊರೆಯುವುದು ಪತ್ರಿಕೆಯಿಂದ ಕತ್ತರಿಸಿದ ಬಿಡಿ ಹಾಳೆಗಳು. ಹಾಗೆ ಬೇರ್ಪಟ್ಟ ಚಿತ್ರದ ಸಾಕ್ಷ್ಯಮೌಲ್ಯ ಎಷ್ಟು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಲಂಡನ್ನಿನಲ್ಲಿ 1841ರಲ್ಲಿ ಆರಂಭವಾದ 'ಪಂಚ್' ವಾರಪತ್ರಿಕೆಯನ್ನೇ ಗಮನಿಸಬಹುದು. 'ಕಾರ್ಟೂನ್' ಎಂದರೆ ಮೂಲತಃ ಭಿತ್ತಿಚಿತ್ರಕ್ಕೆ ಮೊದಲು ಬರೆದುಕೊಳ್ಳುವ ಕರಡುಚಿತ್ರ. 1843ರಲ್ಲಿ ಪಾರ್ಲಿಮೆಂಟಿನ ಹೊಸ ಕಟ್ಟಡಕ್ಕಾಗಿ ಸಿದ್ಧವಾದ ಅಂಥ ಕರಡುಗಳ ಪ್ರದರ್ಶನ ನಡೆಯಿತು. ಚಿತ್ರಪ್ರದರ್ಶನವನ್ನು ನೋಡುತ್ತ ನಿಂತ ಹರಕುಬಟ್ಟೆಯ ಬಡವರನ್ನು ಜಾನ್ ಲೀಚ್ ಚಿತ್ರಿಸಿದರು. 'ಪಂಚ್' ಅದಕ್ಕೆ 'ಕಾರ್ಟೂನ್' ಎಂದೇ ಹೆಸರಿಟ್ಟಿತು. ಆ ಪ್ರದರ್ಶನದ ಅರಿವಿಲ್ಲದವರಿಗೆ ಇಲ್ಲಿಯ ವಿಡಂಬನೆ ತಿಳಿಯುವಂತಿಲ್ಲ.

ಅದೇ ಪತ್ರಿಕೆಯ ಜಾನ್ ಟೆನಿಯಲ್ ಬಹುಕಾಲ ಮರದ ಅಚ್ಚಿನ ಮೇಲೆಯೇ ಚಿತ್ರ ಬರೆಯುತ್ತಿದ್ದರು. ಕೆತ್ತನೆಗಾರನು ಅಚ್ಚನ್ನು ಕೊರೆದಂತೆ ಮೂಲರೇಖೆಗಳು ಅಳಿದುಹೋಗುತ್ತಿದ್ದವು. ಆದುದರಿಂದ ಮುದ್ರಿತ ಪುಟವೇ ನಮಗೆ ಉಳಿದಿರುವ ಮುಖ್ಯ ಆಧಾರ. ಆದರೆ ಅರ್ಧವಾರ್ಷಿಕ ಸಂಪುಟಗಳಾಗಿ ರಟ್ಟು ಕಟ್ಟುವಾಗ ಜಾಹೀರಾತುಗಳಿದ್ದ ಹೊರಹಾಳೆಗಳನ್ನು ಸಾಮಾನ್ಯವಾಗಿ ಕೈಬಿಡಲಾಗುತ್ತಿತ್ತು. ಈ ಕಾರಣದಿಂದ ಬಿಡಿ ಸಂಚಿಕೆಗಳಿಗೆ ವಿಶೇಷ ಮಹತ್ತ್ವವಿದೆ.

ಸಂದರ್ಭ ಕಳಚಿದಾಗ ಆಗಬಹುದಾದ ಪರಿಣಾಮಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನವಿದೆ. 1949ರಲ್ಲಿ ಶಂಕರ್ ರಚಿಸಿದ ಚಿತ್ರವೊಂದರಲ್ಲಿ ಸಂವಿಧಾನವೆಂಬ ಬಸವನಹುಳುವಿನ ಮೇಲೆ ಅಂಬೇಡ್ಕರ್ ಕುಳಿತಿದ್ದಾರೆ. ಹಿಂದೆ ನೆಹರೂ ಚಾಟಿ ಹಿಡಿದಿದ್ದಾರೆ. ಸಂವಿಧಾನ ರಚನೆಯ ನಿಧಾನಗತಿ ಅದರ ವಸ್ತು. ಎನ್‌ಸಿಇಆರ್‌ಟಿಯ ಪಠ್ಯಪುಸ್ತಕದಲ್ಲಿ ಮರುಮುದ್ರಿತವಾಗಿದ್ದ ಈ ಚಿತ್ರದ ಬಗೆಗೆ 2012ರಲ್ಲಿ ಸಂಸತ್ತಿನಲ್ಲಿ ತೀವ್ರ ಪ್ರತಿಭಟನೆ ವ್ಯಕ್ತವಾಗಿ, ಅದನ್ನು ಕೈಬಿಡುವುದಾಗಿ ಸರ್ಕಾರ ಪ್ರಕಟಿಸಿತು. ದಲಿತ ನಾಯಕನ ಹಿಂದೆ ಎತ್ತಿದ ಚಾಟಿಯನ್ನು ಕಂಡು ನೊಂದವರ ಓದನ್ನು ಅಲ್ಲಗಳೆಯಲಾಗದು. 1949ರ ಓದುಗರ ಗ್ರಹಿಕೆಯನ್ನೂ ಮರೆಯಲಾಗದು. ಇವೆರಡನ್ನೂ ತೂಗಿನೋಡಲು ಸಂಶೋಧಕನಿಗೆ ಅಂದಿನ ಇಡೀ ಸಂಚಿಕೆ ಬೇಕು.

ಕನ್ನಡದ ಮಟ್ಟಿಗೆ, ಡಾ. ಎಂ. ಶಿವರಾಂ (ರಾಶಿ) ಅವರು 1942ರಲ್ಲಿ ಆರಂಭಿಸಿದ 'ಕೊರವಂಜಿ'ಗೂ ಈ ಮಾತು ಸಲ್ಲುತ್ತದೆ. ಆರ್. ಕೆ. ಲಕ್ಷ್ಮಣ್ ಅವರ ಚಿತ್ರಗಳಿಗಾಗಿ ಮಾತ್ರ ಅದರ ಪುಟಗಳನ್ನು ಕತ್ತರಿಸಿದರೆ, ಅವುಗಳ ಜೊತೆಯಲ್ಲಿದ್ದ ಬರಹಗಳ ಸಂಬಂಧ ಕಡಿದುಹೋಗುತ್ತದೆ.

ಆದ್ದರಿಂದ ಗ್ರಂಥಾಲಯಗಳು ಸಾಧ್ಯವಾದಷ್ಟೂ ಪೂರ್ಣ ಸಂಚಿಕೆಗಳನ್ನೇ ಸಂಗ್ರಹಿಸಬೇಕು. ಬಿಡಿಚಿತ್ರ ಮಾತ್ರ ದೊರೆತಾಗ ಪತ್ರಿಕೆಯ ಹೆಸರು, ದಿನಾಂಕ, ಪುಟಸಂಖ್ಯೆ, ಅಡಿಬರಹಗಳನ್ನು ಪತ್ತೆಹಚ್ಚಿ ದಾಖಲಿಸಬೇಕು. ಗಣಕೀಕರಣದಲ್ಲಿಯೂ ಚಿತ್ರವನ್ನಷ್ಟೇ ಆಯ್ದುಕೊಳ್ಳದೆ ಇಡೀ ಪುಟವನ್ನು ಉಳಿಸುವುದು ಉಚಿತ.