ತುರ್ತು ಚಿಕಿತ್ಸಾ ವಿಭಾಗದಲ್ಲಿ ಔಷಧ ಪರೀಕ್ಷೆ: ಮೂರು ಗಂಟೆಯ ಲೆಕ್ಕ

ಕಚ್ಚಾ ಸಾಮಗ್ರಿಯನ್ನು ಪರೀಕ್ಷಿಸದೆ ಉತ್ಪಾದನೆಗೆ ತೊಡಗುವ ಉದ್ಯಮಿ ವಿರಳ. ಔಷಧಕ್ಕೂ ಪರೀಕ್ಷೆ ಬೇಕೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಅಪಘಾತಕ್ಕೀಡಾಗಿ ಪ್ರಜ್ಞೆಯಿಲ್ಲದೆ ಬಂದ ರೋಗಿಯನ್ನು ಅಂಥ ಪರೀಕ್ಷೆಗೆ ಸೇರಿಸಿಕೊಳ್ಳಬಹುದೇ ಎಂದಾಗ ಹಲವರು ಹಿಂಜರಿಯುತ್ತಾರೆ. ಈ ಹಿಂಜರಿಕೆ ಸಹಜವಾದುದೇ. ಆದರೂ ಪರೀಕ್ಷಿಸದೆ ಬಿಟ್ಟುದರಿಂದಾಗುವ ನಷ್ಟವನ್ನು ನಾವು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ತಲೆಗೆ ತೀವ್ರ ಪೆಟ್ಟಾದವರಿಗೆ ಸ್ಟೀರಾಯ್ಡ್ ಕೊಡುವ ಪದ್ಧತಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆದುಬಂದಿತ್ತು. ಅದು ಉಪಕಾರಿಯೆಂಬುದು ವೈದ್ಯರ ಪ್ರಾಮಾಣಿಕ ನಂಬಿಕೆ. ಲಂಡನ್ನಿನ ಸಂಶೋಧಕರ ನೇತೃತ್ವದಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ ನಡೆಸಿದ ‘ಕ್ರ್ಯಾಷ್’ ಎಂಬ ಪರೀಕ್ಷೆ ಇದನ್ನು ಒರೆಗೆ ಹಚ್ಚಿತು. 20,000 ರೋಗಿಗಳನ್ನು ಸೇರಿಸುವ ಉದ್ದೇಶವಿತ್ತು. 10,008 ಮಂದಿಯಾಗುವಷ್ಟರಲ್ಲಿ, 2004ರಲ್ಲಿ, ಅದನ್ನು ನಿಲ್ಲಿಸಬೇಕಾಯಿತು. ಎರಡು ವಾರಗಳೊಳಗೆ ಸ್ಟೀರಾಯ್ಡ್ ಪಡೆದವರಲ್ಲಿ ಶೇಕಡಾ 21.1 ಮಂದಿ ಮೃತಪಟ್ಟಿದ್ದರು. ಪಡೆಯದವರಲ್ಲಿ ಶೇಕಡಾ 17.9. ಅಂದರೆ ನೂರಕ್ಕೆ ಮೂರು ಜೀವಗಳ ವ್ಯತ್ಯಾಸ. ಇಷ್ಟು ವರ್ಷ ಇದು ಯಾರ ಕಣ್ಣಿಗೂ ಬೀಳದಿದ್ದುದೇಕೆ? ಒಬ್ಬ ವೈದ್ಯನ ಅನುಭವದಲ್ಲಿ ನೂರಕ್ಕೆ ಮೂರು ಎಂಬುದು ಕಾಣಿಸದು. ಸಾವಿರಾರು ರೋಗಿಗಳ ಲೆಕ್ಕವಿಟ್ಟಾಗ ಮಾತ್ರ ಅದು ತೋರುತ್ತದೆ.

ಅದೇ ತಂಡದ ಎರಡನೆಯ ಪರೀಕ್ಷೆ ಔಷಧೋದ್ಯಮದಲ್ಲಿರುವ ನಮ್ಮ ಸದಸ್ಯರಿಗೆ ಇನ್ನೂ ಆಸಕ್ತಿಕರವಾದುದು. ರಕ್ತಸ್ರಾವವನ್ನು ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವನ್ನು ಜಪಾನಿನ ಒಕಾಮೊಟೊ ದಂಪತಿಗಳು 1960ರ ದಶಕದ ಆರಂಭದಲ್ಲೇ ಕಂಡುಹಿಡಿದಿದ್ದರು. ಪೇಟೆಂಟ್ ಅವಧಿ ಮುಗಿದು ಅಗ್ಗವಾಗಿದ್ದ ಈ ಔಷಧಕ್ಕಾಗಿ ಇಪ್ಪತ್ತು ಸಾವಿರ ರೋಗಿಗಳ ಪರೀಕ್ಷೆಗೆ ಬಂಡವಾಳ ಹೂಡಿದರೆ ಅದನ್ನು ಯಾವ ಕಂಪನಿ ಮರಳಿ ಪಡೆದೀತು? ಪರೀಕ್ಷೆಯ ಮುಖ್ಯ ಹಂತದ ವೆಚ್ಚವನ್ನು ಬ್ರಿಟನ್ ಸರ್ಕಾರದ ಆರೋಗ್ಯ ಸಂಶೋಧನಾ ನಿಧಿ ಭರಿಸಿತು. ಪೇಟೆ ತಾನಾಗಿಯೇ ಮಾಡಲಾರದ ಕೆಲಸಗಳೂ ಇವೆಯೆಂದು ವರ್ತಕರಾದ ನಾವು ಒಪ್ಪಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

40 ದೇಶಗಳ 274 ಆಸ್ಪತ್ರೆಗಳು ಇದರಲ್ಲಿ ಪಾಲ್ಗೊಂಡವು. ಭಾರತದ ಆಸ್ಪತ್ರೆಗಳೂ ಇದ್ದವು. ಒಂದೇ ಬಗೆಯ ಪೊಟ್ಟಣಗಳು, ಮೇಲೆ ಸಂಖ್ಯೆ ಮಾತ್ರ. ಒಳಗಿರುವುದು ಔಷಧವೋ ಬರಿಯ ಲವಣಜಲವೋ ಎಂಬುದು ಕೊಡುವ ವೈದ್ಯರಿಗೂ ತಿಳಿಯದು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ 20,211 ರೋಗಿಗಳಲ್ಲಿ ಔಷಧ ಪಡೆದವರ ಮರಣ ಪ್ರಮಾಣ ಶೇಕಡಾ 14.5, ಉಳಿದವರದು ಶೇಕಡಾ 16.0. ಮರುವರ್ಷ ಪ್ರಕಟವಾದ ವಿಶ್ಲೇಷಣೆ ಇನ್ನೂ ಮುಖ್ಯವಾದುದು. ಗಾಯವಾದ ಒಂದು ಗಂಟೆಯೊಳಗೆ ಕೊಟ್ಟಾಗ ರಕ್ತಸ್ರಾವದಿಂದಾಗುವ ಸಾವು ಸುಮಾರು ಮೂರನೆಯ ಒಂದು ಭಾಗ ಕಡಿಮೆಯಾಗಿತ್ತು. ಮೂರು ಗಂಟೆಯವರೆಗೂ ಪ್ರಯೋಜನವಿತ್ತು. ಆ ಬಳಿಕ ಕೊಟ್ಟಾಗ ಸಾವು ಹೆಚ್ಚಿತ್ತು. ಒಂದೇ ಔಷಧ, ಗಡಿಯಾರದ ಮುಳ್ಳು ಸರಿದಂತೆ ಗುಣ ಬದಲಾಗಿದೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಇನ್ನು ಒಪ್ಪಿಗೆಯ ಪ್ರಶ್ನೆ. ಭಾರತದಲ್ಲಿ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪರೀಕ್ಷೆಗಳ ನಿಯಮಗಳಂತೆ, ರೋಗಿ ಪ್ರಜ್ಞಾಹೀನನಾಗಿದ್ದಲ್ಲಿ ಕಾನೂನುಸಮ್ಮತ ಪ್ರತಿನಿಧಿಯ ಒಪ್ಪಿಗೆ ಪಡೆಯಬೇಕು. ನೈತಿಕ ಸಮಿತಿಯ ಅನುಮೋದನೆ ಕಡ್ಡಾಯ; ಪರೀಕ್ಷೆಯಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರಗಳ ಹೊಣೆಯೂ ಉಂಟು. ಈ ಕಟ್ಟುಪಾಡುಗಳು ಅತಿಯಾದವೆಂದು ಈ ಲೇಖಕನಿಗೆ ಅನ್ನಿಸುವುದಿಲ್ಲ. ಆದರೆ ತುರ್ತು ಘಟಕದ ಬಾಗಿಲಲ್ಲಿ ಗಾಬರಿಯಿಂದ ನಿಂತ ಬಂಧುವಿಗೆ ಹಲವು ಪುಟಗಳ ಪತ್ರ ಕೊಟ್ಟು ಸಹಿ ಹಾಕಿಸಿದರೆ ಅದು ತಿಳಿದು ಕೊಟ್ಟ ಒಪ್ಪಿಗೆಯಾಗುವುದೇ? ನಾಲ್ಕು ಮಾತಿನಲ್ಲಿ ಅವರ ಭಾಷೆಯಲ್ಲೇ ವಿವರಿಸುವುದು, ರೋಗಿ ಚೇತರಿಸಿಕೊಂಡ ಮೇಲೆ ಅವರನ್ನೂ ಕೇಳುವುದು ಉಚಿತ.

ಪ್ರೆಸ್, ಲೇತ್, ಗರಗಸಗಳ ನಡುವೆ ದುಡಿಯುವವರನ್ನು ಹೊಂದಿರುವ ಕಾರ್ಖಾನೆಗಳಿಗೆ ಇದರಲ್ಲಿ ನೇರವಾದ ಒಂದು ವಿಷಯವಿದೆ. ರಕ್ತಸ್ರಾವದ ಜಾಗವನ್ನು ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿದು, ತಡಮಾಡದೆ 108ಕ್ಕೆ ಕರೆ ಮಾಡುವುದು ಎಲ್ಲರಿಗೂ ತಿಳಿದುದೇ. ಅದರೊಡನೆ ಗಾಯವಾದ ಸಮಯವನ್ನು ಮೇಲ್ವಿಚಾರಕರು ಚೀಟಿಯಲ್ಲಿ ಬರೆದು ಜೊತೆಯಲ್ಲಿ ಹೋಗುವವರ ಕೈಗೆ ಕೊಡಲಿ. ವೈದ್ಯರು ಮೂರು ಗಂಟೆಯ ಲೆಕ್ಕವನ್ನು ಹಾಕಬೇಕಾದುದು ಅಲ್ಲಿಂದಲೇ.